ಅರ್ಧ ಗಂಟೆಗೊಮ್ಮೆ ಬೀಳುತ್ತಿದ್ದ ಮುಳ್ಳು

ಬೋರ್‌ವೆಲ್ ಗಾಡಿಯ ಮೆಕ್ಯಾನಿಕ್ ಆಗಿ ನಾನು ಮೂವತ್ತು ವರ್ಷ ದುಡಿದೆ. ಯಾವಾಗ ಬಡ್ತಿ ಬಂತು, ಯಾವಾಗ ಬರಬೇಕಾದದ್ದು ತಪ್ಪಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ಈಗ ಈ ಕೆಲಸಕ್ಕೆ ಸೇರುವವರು ನನ್ನನ್ನು ಕೇಳುವುದು ಬೇರೆ: "ಕಾಕಾ, ಆಗ ಕಂಪ್ಯೂಟರ್ ಇಲ್ದ ಹೆಂಗ್ ಕಂಡ್ ಹಿಡೀತಿದ್ರಿ?" ಕಿವಿಯಿಂದ, ಮೂಗಿನಿಂದ, ಬೆರಳ ತುದಿಯಿಂದ ಎಂದು ಹೇಳಿ ದೊಡ್ಡಸ್ತಿಕೆ ತೋರಿಸಬಹುದು. ನಿಜ ಹೇಳಬೇಕೆಂದರೆ ಬಹಳ ಸಲ ಕಂಡುಹಿಡಿಯುತ್ತಲೇ ಇರಲಿಲ್ಲ. ಬಿಚ್ಚುತ್ತಿದ್ದೆವು, ತೊಳೆಯುತ್ತಿದ್ದೆವು, ಮತ್ತೆ ಕೂಡಿಸುತ್ತಿದ್ದೆವು. ಅಷ್ಟರಲ್ಲಿ ಎಲ್ಲೋ ಏನೋ ಸರಿಹೋಗಿ ಎಂಜಿನ್ ಓಡತೊಡಗಿದರೆ ಮೀಸೆ ತಿರುವಿಕೊಳ್ಳುತ್ತಿದ್ದೆವು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಿಗೆ ಕೂಡಿ ನಮ್ಮದೊಂದೇ ಗಾಡಿ. ಗಾಡಿ ಎಂದರೆ ಎರಡು ಲಾರಿಗಳ ಜೋಡಿ. ಒಂದರ ಮೇಲೆ ಕೊರೆಯುವ ಕಂಬ, ಇನ್ನೊಂದರ ಮೇಲೆ ಕಂಪ್ರೆಸರ್. ಕಂಪ್ರೆಸರ್ ಗಾಳಿಯನ್ನು ಒತ್ತಿ ರಾಡುಗಳೊಳಗೆ ಕಳಿಸಿದರೆ ತಳದಲ್ಲಿರುವ ಹ್ಯಾಮರ್ ಕಲ್ಲು ಕುಟ್ಟುತ್ತದೆ. ಕುಟ್ಟಿದ ಪುಡಿಯನ್ನು ಅದೇ ಗಾಳಿ ಮೇಲಕ್ಕೆ ಊದುತ್ತದೆ. ಕೊರೆಯುತ್ತಿರುವಾಗ ಗಾಳಿ ನಿಂತರೆ ಆ ಪುಡಿಯೆಲ್ಲ ವಾಪಸು ಹ್ಯಾಮರಿನ ತಲೆಯ ಮೇಲೆ ಬಿದ್ದು ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಹ್ಯಾಮರೂ ಹೋಯಿತು, ಬಾವಿಯೂ ಹೋಯಿತು. ಆದ್ದರಿಂದ ನಮ್ಮೆಲ್ಲರ ಜೀವ ಕಂಪ್ರೆಸರ್ ತಿರುಗಿಸುವ ಆರು ಸಿಲಿಂಡರಿನ ಡೀಸೆಲ್ ಎಂಜಿನ್ನಿನಲ್ಲಿತ್ತು.

ಆ ಎಂಜಿನ್ನಿಗೊಂದು ಟರ್ಬೋ ಇತ್ತು. ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸಕ್ಕೇ ಒಂದು ಪುಟ್ಟ ಚಕ್ರ ತಿರುಗಿ, ಎಂಜಿನ್ನಿನೊಳಕ್ಕೆ ಇನ್ನಷ್ಟು ಗಾಳಿ ತುರುಕುವ ಯಂತ್ರ ಅದು. ಹೆಚ್ಚು ಗಾಳಿ, ಹೆಚ್ಚು ಡೀಸೆಲ್, ಹೆಚ್ಚು ಶಕ್ತಿ. ಅದು ಪೂರ್ತಿ ವೇಗದಲ್ಲಿದ್ದಾಗ ಸಣ್ಣಗೆ ಸೀಟಿ ಹೊಡೆದಂತೆ ಕೇಳುತ್ತಿತ್ತು. ಜನ ನಮ್ಮನ್ನು ಸೀಟಿ ಗಾಡಿಯವರು ಎಂದೇ ಕರೆಯುತ್ತಿದ್ದರು. ಅದನ್ನು ನಿಲ್ಲಿಸುವುದಕ್ಕೂ ರೀತಿಯಿತ್ತು. ಓಡುತ್ತಿರುವ ಎಂಜಿನ್ ಪಟ್ಟನೆ ಬಂದ್ ಮಾಡಿದರೆ ಟರ್ಬೋಗೆ ಎಣ್ಣೆ ಸಿಗದೆ ಅದರ ಬೇರಿಂಗು ಸುಟ್ಟುಹೋಗುತ್ತದೆ. ನಿಧಾನ ಮಾಡಿ ಮೂರು ನಿಮಿಷ ಬಿಡಬೇಕು. ನಮ್ಮಲ್ಲಿ ಗಡಿಯಾರ ಇದ್ದದ್ದು ಕಡಿಮೆ, ಬೀಡಿ ಇದ್ದದ್ದು ಹೆಚ್ಚು. ಒಂದು ಬೀಡಿ ಪೂರ್ತಿ ಸೇದಿ ಎಂಜಿನ್ ಬಂದ್ ಮಾಡುವುದು ಎಂಬ ನಿಯಮ ಹಾಗೆ ಹುಟ್ಟಿತು. ಟರ್ಬೋ ಉಳಿಯಿತು, ನಮ್ಮ ಎದೆಗೂಡು ಕೆಟ್ಟಿತು.

ನಮ್ಮ ಮೇಲಿನವರು ಇನಾಮದಾರ ಸಾಹೇಬರು, ಇಂಜಿನಿಯರು. ಅವರ ಅಂಗಿ ಸದಾ ಬೆಳ್ಳಗೆ, ಮಾತು ಸದಾ ಕಡಿಮೆ. ಸಿಂದಗಿಯಲ್ಲಿ, ನಾನು ಸೇರಿದ ಹೊಸತರಲ್ಲಿ, ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಎಂಜಿನ್ ನಿಂತಿತ್ತು. ಫಿಲ್ಟರಿನ ಮೇಲಿನ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆ ನಿಲ್ಲುವ ತನಕ ಗಾಳಿ ಬಿಡಬೇಕು. ಸಾಹೇಬರು ನೋಡುತ್ತಿದ್ದಾರೆಂಬ ಹುರುಪಿನಲ್ಲಿ ನಾನು ಸ್ಕ್ರೂ ಪೂರ್ತಿ ಬಿಚ್ಚಿ, ಎಂಜಿನ್ ತಿರುಗಿಸಲು ಕೂಗಿದೆ. ಡೀಸೆಲ್ ಕಾರಂಜಿಯಂತೆ ಚಿಮ್ಮಿ, ಬಗ್ಗಿ ನೋಡುತ್ತಿದ್ದ ಸಾಹೇಬರನ್ನು ಕುತ್ತಿಗೆಯಿಂದ ಸೊಂಟದ ತನಕ ತೋಯಿಸಿತು. ಅಂದು ಅವರಿಗೆ ತಾಲೂಕು ಕಚೇರಿಯಲ್ಲಿ ಮೀಟಿಂಗ್ ಬೇರೆ. ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು ಕೇಳಿದ್ದು ಒಂದೇ ಮಾತು.

"ಎಲ್ಲಿಂದ ಸುರು ಮಾಡಿದಿ ಮಲ್ಲಪ್ಪ?"

"ಎಂಜಿನ್ ಕಡಿಂದ್ರೀ ಸಾಹೇಬ್ರ."

"ಟ್ಯಾಂಕಿನಿಂದ ಸುರು ಮಾಡಬೇಕಪಾ. ಡೀಸೆಲ್ ಹೆಂಗ ಹರೀತೈತಿ, ಹಂಗ ನೋಡ್ಕೋತ ಬಾ."

ಅದೇ ಅಂಗಿಯಲ್ಲೇ ಮೀಟಿಂಗಿಗೆ ಹೋದರು. ವಾಸನೆಗೆ ಪಕ್ಕದಲ್ಲಿ ಯಾರೂ ಕೂರಲಿಲ್ಲವಂತೆ, ಮೀಟಿಂಗೂ ಬೇಗ ಮುಗಿಯಿತಂತೆ. ಅಂದಿನಿಂದ ಏನೇ ಕೆಟ್ಟರೂ ಅವರ ಮೊದಲ ಪ್ರಶ್ನೆ ಅದೇ. ನಾನು ಪ್ರತಿ ಸಲ ಟ್ಯಾಂಕಿನಿಂದ್ರೀ ಎನ್ನುತ್ತಿದ್ದೆ, ಪ್ರತಿ ಸಲ ಎಂಜಿನ್ ಕಡೆಯಿಂದಲೇ ಶುರು ಮಾಡುತ್ತಿದ್ದೆ. ಟ್ಯಾಂಕಿನಲ್ಲಿ ಏನಿದೆ ಮಹಾ? ಅದೊಂದು ಡಬ್ಬ. ಬುದ್ಧಿವಂತಿಕೆ ತೋರಿಸುವ ಜಾಗ ಪಂಪು ಮತ್ತು ಟರ್ಬೋ ಎಂದು ನನ್ನ ತಿಳಿವಳಿಕೆ.

ಮುದ್ದೇಬಿಹಾಳ ತಾಲೂಕಿನಲ್ಲಿ ಒಮ್ಮೆ ಫೀಡ್ ಪಂಪಿನೊಳಗೆ ಸೋರಿಕೆ ತಡೆಯುವ ಪ್ಯಾಕಿಂಗ್ ಹರಿಯಿತು. ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೆ ತಳ್ಳುವ ಪಂಪು ಅದು. ಬಿಜಾಪುರದಿಂದ ಸಾಮಾನು ಬರಲು ಎರಡು ದಿನ ಬೇಕು. ನಾನು ಸೈಕಲ್ ಟ್ಯೂಬು ಕತ್ತರಿಸಿ ಪ್ಯಾಕಿಂಗ್ ಮಾಡಿ ಹಾಕಿ, ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಂಡೆ. ಮರುದಿನ ಬಿಚ್ಚಿದರೆ ರಬ್ಬರು ಡೀಸೆಲ್ ಕುಡಿದು ಪೂರಿಯ ಹಾಗೆ ಉಬ್ಬಿತ್ತು. ಕೊನೆಗೆ ತಾಳಿಕೋಟೆಗೆ ಬಸ್ಸಿನಲ್ಲಿ ಹೋಗಿ, ನಿಲ್ದಾಣದ ಎದುರು ಚಪ್ಪಲಿ ಹೊಲಿಯುತ್ತಿದ್ದ ಮುದುಕರ ಮುಂದೆ ಹರಿದ ಪ್ಯಾಕಿಂಗ್ ಇಟ್ಟೆ. ಅವರು ಅದನ್ನು ಹೊರಳಿಸಿ ನೋಡಿ, "ಇದು ಎಣ್ಯಾಗ ಇರತೈತ್ಯೋ ನೀರಾಗೋ?" ಎಂದು ಕೇಳಿದರು. ನಾನೇ ನನಗೆ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ. ಎಣ್ಣೆಯಲ್ಲಿ ನೆನೆಸಿದ ತೊಗಲಿನಿಂದ ಅವರು ಕತ್ತರಿಸಿಕೊಟ್ಟದ್ದು ಆರು ತಿಂಗಳು ಬಾಳಿತು. ಯಂತ್ರದ ಬಗ್ಗೆ ಯಾರು ಏನು ಹೇಳಿದರೂ ಕಿವಿಗೊಡಬೇಕು ಎಂದು ಅವತ್ತೇ ಕಲಿತುಬಿಡಬೇಕಿತ್ತು. ಕಲಿಯಲಿಲ್ಲ. ಆ ಪಾಠಕ್ಕೆ ಬೇರೆಯವನೊಬ್ಬ ಬೆಲೆ ತೆರಬೇಕಾಯಿತು. ಅವನ ಹೆಸರು ಲಕ್ಷ್ಮಣ.

ಲಕ್ಷ್ಮಣ ನಮ್ಮ ಡ್ರಿಲ್ಲರ್. ಇಂಡಿ ಕಡೆಯವನು, ನೀಳ ಆಳು. ತಿರುಗುವ ರಾಡಿನ ಪಕ್ಕದ ಕಂಬಕ್ಕೆ ಅಂಗೈ ಒತ್ತಿ, ಕೆಳಗೆ ಸಿಕ್ಕಿರುವುದು ಕರಿಕಲ್ಲೋ ಮೆತ್ತನೆಯ ಮೊರಮೋ ಎಂದು ಹೇಳಿಬಿಡುತ್ತಿದ್ದ. ಹಂಗಾಮಿ ನೌಕರ. ಅವನನ್ನು ಕಾಯಂ ಮಾಡುವ ಕಾಗದ ಕಚೇರಿಯಲ್ಲಿ ಓಡಾಡುತ್ತಿತ್ತು. ಮನೆಯಲ್ಲಿ ಮೂವರು ಮಕ್ಕಳು. ಡೀಸೆಲ್ ಡ್ರಮ್ಮುಗಳ ಬೀಗದ ಕೈ ಅವನ ಬಳಿ ಇರುತ್ತಿತ್ತು. ದಿನಾ ಟ್ಯಾಂಕು ತುಂಬಿಸುವವನೂ ಅವನೇ.

ಅವನ ಮನೆಯವರು ಬೌದ್ಧರು. ನಾನು ಬಾಗೇವಾಡಿ ಸೀಮೆಯವನು, ಮುಂಜಾನೆ ಎದ್ದರೆ ವಿಭೂತಿ ಗಟ್ಟಿ ನೀರಲ್ಲಿ ತೇಯ್ದು ಹಣೆಗೆ ಹಚ್ಚಿಕೊಂಡೇ ಉಳಿದ ಕೆಲಸ. ಹಣೆಗೆ ಹಚ್ಚಿ ಉಳಿದದ್ದನ್ನು ಗಾಡಿಗೂ ಮೂರು ಬೆರಳು ಎಳೆದು ಕೈ ಮುಗಿಯುತ್ತಿದ್ದೆ. ಉಳಿದವರೂ ಮುಗಿಯುತ್ತಿದ್ದರು. ಲಕ್ಷ್ಮಣ ಮಾತ್ರ ಆ ಹೊತ್ತಿನಲ್ಲಿ ರಾಡುಗಳ ತಿರುಪಿನ ಹಲ್ಲಿಗೆ ಗ್ರೀಸ್ ಬಳಿಯುತ್ತ ಕೂತಿರುತ್ತಿದ್ದ. ಅವನು ಏನೂ ಅನ್ನುತ್ತಿರಲಿಲ್ಲ, ನಾನೂ ಅನ್ನುತ್ತಿರಲಿಲ್ಲ. ಆದರೆ ಮನಸ್ಸಿನಲ್ಲಿ ನನಗೆ ಅದು ಚುಚ್ಚುತ್ತಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಾಗೇವಾಡಿಯಿಂದ ನಿಡಗುಂದಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಶಾಲೆಗೆ ಕೊಳವೆಬಾವಿ ಕೊರೆಯಲು ಗಾಡಿ ನಿಲ್ಲಿಸಿದೆವು. ಮೊದಲ ದಿನ ಎಂಬತ್ತು ಅಡಿಯ ಹತ್ತಿರ ಹೋಗಿದ್ದೆವು, ಡೀಸೆಲ್ ಒತ್ತಡ ತೋರಿಸುವ ಗೇಜಿನ ಮುಳ್ಳು ಮೆಲ್ಲಗೆ ಬೀಳತೊಡಗಿತು. ಟರ್ಬೋದ ಸೀಟಿ ಇಳಿಯಿತು, ಎಂಜಿನ್ ಏದುಸಿರು ಬಿಟ್ಟಿತು. ಲಕ್ಷ್ಮಣ ನನ್ನ ಮುಖ ನೋಡದೆಯೇ ಸರಸರನೆ ರಾಡು ಮೇಲೆತ್ತಿ ಹ್ಯಾಮರ್ ಉಳಿಸಿದ. ನಾನು ಫಿಲ್ಟರ್ ಬದಲಿಸಿ ಗಾಳಿ ಬಿಟ್ಟು ಚಾಲೂ ಮಾಡಿದೆ. ಸರಿಯಾಗಿ ಅರ್ಧ ಗಂಟೆ ಓಡಿತು, ಮುಳ್ಳು ಮತ್ತೆ ಬಿತ್ತು.

ಎರಡನೇ ದಿನ ಫೀಡ್ ಪಂಪು ಬದಲಿಸಿದೆ. ಪೈಪಿನ ಪ್ರತಿ ಜೋಡಣೆಗೂ ಸಾಬೂನು ನೊರೆ ಹಚ್ಚಿ ಪರೀಕ್ಷಿಸಿದೆ. ಟರ್ಬೋದ ರಬ್ಬರು ಪೈಪುಗಳನ್ನು ಬಿಗಿದೆ. ಮತ್ತೆ ಅರ್ಧ ಗಂಟೆ, ಮತ್ತೆ ಮುಳ್ಳು ಕೆಳಗೆ. ಶಾಲೆಯಲ್ಲಿ ಕಲಿಸುವ ಅಕ್ಕೋರು ತಾಸಿಗೊಮ್ಮೆ ಬಂದು, "ಏನ್ರಿ ಮಿಸ್ತ್ರಿ, ಹುಡುಗ್ರು ನೀರ್ ಬಂತೇನು ಅಂತ ಪಾಠಾನ ಕೇಳವಲ್ಲವ್ರಿ" ಎಂದು ಹೋಗುತ್ತಿದ್ದರು. ನನ್ನ ಮುಖ ಬಾಡುತ್ತ ಬಂತು.

ಒಂದು ಸಂಗತಿ ಮಾತ್ರ ಗಮನಕ್ಕೆ ಬಂತು. ಟ್ಯಾಂಕು ತುಂಬಿಸಿದ ಕೂಡಲೇ ಮುಳ್ಳು ಬೇಗ ಬೀಳುತ್ತಿತ್ತು. ಟ್ಯಾಂಕು ಅರ್ಧವಾದ ಮೇಲೆ ಒಂದು ಗಂಟೆಯ ತನಕ ತಡೆಯುತ್ತಿತ್ತು. ಹಾಗಾದರೆ ತಪ್ಪು ಹೊಸದಾಗಿ ಹಾಕುವ ಡೀಸೆಲಿನದು! ಸೀಮೆಎಣ್ಣೆ ಬೆರೆತಿರಬೇಕು, ಕಾದಾಗ ತೆಳುವಾಗಿ ಪಂಪಿಗೆ ಹಿಡಿತ ಸಿಗುತ್ತಿಲ್ಲ. ಷೆರ್ಲಾಕ್ ಪತ್ತೇದಾರನೂ ಇಷ್ಟು ಹೆಮ್ಮೆಪಟ್ಟಿರಲಾರ.

ಅಷ್ಟರಲ್ಲಿ ಲಕ್ಷ್ಮಣ ಬಂದು ನಿಂತ.

"ಮಲ್ಲಣ್ಣಾರ, ಎಣ್ಣಿ ಹಾಕಾಕಂತ ಟ್ಯಾಂಕಿನ ಮುಚ್ಚಳ ತಗದ್ರ ಸುಂಯ್ ಅಂತೈತ್ರಿ."

"ಬಿಸಲಿಗೆ ಹಂಗ ಆಗತೈತಿ. ಒಳಗಿನ ಗಾಳಿ ಹಿಗ್ಗಿ ಹೊರಗ ಬರತೈತಿ."

"ಹೊರಗ ಬರೂದಿಲ್ರಿ, ಒಳಗ ಎಳಕೋತೈತಿ. ಅಂಗೈ ಇಟ್ರ ಅಂಗೈನೂ ಎಳೀತೈತಿ."

ಎರಡು ದಿನದ ಸೋಲು, ಅಕ್ಕೋರ ಪ್ರಶ್ನೆ, ಬಿಸಿಲು, ಎಲ್ಲವೂ ಒಟ್ಟಿಗೆ ನನ್ನ ನಾಲಿಗೆಗೆ ಬಂತು. "ಮಿಷಿನಿಗೆ ಒಂದ್ ದಿನ ಕೈ ಮುಗಿದಂವ ಅಲ್ಲ, ನನಗ ಎಂಜಿನ್ ಕಲಿಸಾಕ ಬರಬ್ಯಾಡ" ಎಂದುಬಿಟ್ಟೆ. ಲಕ್ಷ್ಮಣ ಹೊರಟುಹೋದ. ಆಮೇಲೆ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಅಂದು ಸಂಜೆ ಮೂರು ಸಾಲಿನ ವರದಿ ಬರೆದೆ. ಡೀಸೆಲ್ ಕಲಬೆರಕೆ ಆಗಿರುವಂತೆ ಕಾಣುತ್ತದೆ, ಡ್ರಮ್ಮುಗಳ ಬೀಗದ ಕೈ ಡ್ರಿಲ್ಲರನ ಬಳಿ ಇರುತ್ತದೆ, ತಮ್ಮ ಅವಗಾಹನೆಗೆ. ಅವನೇ ಮಾಡಿದ ಎಂದು ನಾನು ಬರೆಯಲಿಲ್ಲ. ಬರೆಯುವ ಅಗತ್ಯವೇ ಇಲ್ಲದಂತೆ ಬರೆದಿದ್ದೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಮರುದಿನ ಅದೇ ಬಸ್ಸಿನಲ್ಲಿ ಸಾಹೇಬರ ಚೀಟಿ ಬಂತು: ಡ್ರಿಲ್ಲರನು ಬೀಗದ ಕೈ ಒಪ್ಪಿಸಿ ಗಾಡಿಯಿಂದ ದೂರವಿರಬೇಕು, ನಾಳೆ ನಾನೇ ಬಂದು ನಿರ್ಧಾರ ಮಾಡುತ್ತೇನೆ, ಹೊಸ ಡ್ರಮ್ಮು ಕಳಿಸುತ್ತಿದ್ದೇನೆ. ಲಕ್ಷ್ಮಣ ಚೀಟಿ ಓದಿಸಿಕೊಂಡು, ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, ಶಾಲೆಯ ಬೇವಿನ ಮರದ ಕೆಳಗೆ ಹೋಗಿ ಕೂತ. ಕಳ್ಳ ಎಂದು ಹೆಸರು ಬಿದ್ದರೆ ಕಾಯಂ ಆಗುವುದಿರಲಿ, ಇನ್ನೆಲ್ಲೂ ಅವನನ್ನು ಕೆಲಸಕ್ಕೆ ಕರೆಯುವವರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾಲ್ಕನೇ ದಿನ ಮುಂಜಾನೆ, ರಾಡು ಇಳಿಸದೆ, ಎಂಜಿನ್ ಒಂದನ್ನೇ ಪೂರ್ತಿ ಹೊರೆಯಲ್ಲಿ ಓಡಿಸಿದೆ. ಅರ್ಧ ಗಂಟೆಗೆ ಮುಳ್ಳು ಬಿತ್ತು. ಟ್ಯಾಂಕಿನ ಹಳೆಯ ಡೀಸೆಲ್ ತೆಗೆದು ಹೊಸ ಡ್ರಮ್ಮಿನದು ಹಾಕೋಣವೆಂದು ಮುಚ್ಚಳಕ್ಕೆ ಕೈ ಹಾಕಿದೆ. ಅದುವರೆಗೆ ಆ ಕೆಲಸ ಲಕ್ಷ್ಮಣನದಾಗಿತ್ತು, ಈಗ ಅವನಿಲ್ಲದೆ ನನ್ನ ಪಾಲಿಗೆ ಬಂದಿತ್ತು. ಮುಚ್ಚಳ ಅಂಟಿಕೊಂಡಂತಿತ್ತು. ಬಲವಾಗಿ ತಿರುವಿದೆ. ಸುಂಯ್ ಎಂದಿತು. ಅಂಗೈ ಇಟ್ಟು ನೋಡಿದೆ. ಎಳೆಯಿತು.

ಡೀಸೆಲ್ ಟ್ಯಾಂಕಿನ ಮುಚ್ಚಳದ ನಡುವೆ ಒಂದು ಸಣ್ಣ ತೂತು ಇರುತ್ತದೆ. ಡೀಸೆಲ್ ಖಾಲಿಯಾದಂತೆಲ್ಲ ಆ ತೂತಿನಿಂದ ಗಾಳಿ ಒಳಗೆ ಹೋಗಿ ಜಾಗ ತುಂಬಬೇಕು. ಅದು ಮುಚ್ಚಿಕೊಂಡರೆ ಪಂಪು ಎಳೆಯುತ್ತದೆ, ಟ್ಯಾಂಕು ಬಿಡುವುದಿಲ್ಲ. ಟ್ಯಾಂಕು ತುಂಬಿದ್ದಾಗ ಒಳಗೆ ಗಾಳಿ ಕಡಿಮೆ, ಹಾಗಾಗಿ ಬೇಗ ಬಿಗಿಯುತ್ತದೆ. ಅರ್ಧವಿದ್ದಾಗ ತಡವಾಗಿ ಬಿಗಿಯುತ್ತದೆ. ತುಂಬಿಸಲು ಮುಚ್ಚಳ ತೆಗೆದ ಕೂಡಲೇ ಎಲ್ಲ ಸರಿಹೋಗುತ್ತದೆ, ನಾನು ಮಾತ್ರ ನನ್ನ ಫಿಲ್ಟರಿನ ಮಹಿಮೆ ಎಂದುಕೊಳ್ಳುತ್ತೇನೆ.

ಮುಚ್ಚಳದ ಒಳಗಿನಿಂದ ತೂತಿಗೆ ಬಾಯಿಟ್ಟು ಊದಿದೆ. ಉಸಿರು ಹೊರಗೆ ಹೋಗಲಿಲ್ಲ. ಹೊರಳಿಸಿ ನೋಡಿದೆ. ಮೇಲೆ ಬೆಳ್ಳಗೆ, ದಪ್ಪಗೆ, ಡೀಸೆಲ್ ಕುಡಿದು ಸಿಮೆಂಟಿನಂತಾದ ಮೂರು ಪಟ್ಟಿ. ನನ್ನ ವಿಭೂತಿ. ಎಂಜಿನ್ನಿಗೆ ಹಚ್ಚಿದರೆ ಜಿಡ್ಡಿಗೆ ನಿಲ್ಲುತ್ತಿರಲಿಲ್ಲ. ಮುಚ್ಚಳ ಎದೆಮಟ್ಟದಲ್ಲಿ, ದುಂಡಗೆ, ಹಣೆಯಂತೆ ಅನುಕೂಲವಾಗಿತ್ತು. ಹಳೆಯದನ್ನು ಒರೆಸಬಾರದೆಂಬುದು ನಾನೇ ಮಾಡಿಕೊಂಡ ಶಾಸ್ತ್ರ. ಒಂದು ವರ್ಷದ ಭಕ್ತಿ ಪದರಪದರವಾಗಿ ಆ ತೂತಿನ ಮೇಲೆ ಕೂತಿತ್ತು.

ಸುತ್ತ ನೋಡಿದೆ. ಹತ್ತಿರ ಯಾರೂ ಇಲ್ಲ. ಬೇವಿನ ಮರದ ಕೆಳಗೆ ಲಕ್ಷ್ಮಣ ಮುಖದ ಮೇಲೆ ಟಾವೆಲ್ ಹಾಕಿ ಮಲಗಿದ್ದ. ಸ್ಕ್ರೂಡ್ರೈವರಿನಿಂದ ಕೆರೆದು, ಮೊಳೆಯಿಂದ ತೂತು ಬಿಡಿಸಿ, ಹೊಸ ಡೀಸೆಲ್ ಹಾಕಿ ಎಂಜಿನ್ ಚಾಲೂ ಮಾಡಿದೆ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಮುಳ್ಳು ಅಲುಗಲಿಲ್ಲ. ಟರ್ಬೋ ಹಾಡುತ್ತಿತ್ತು. ಆಗ ನನ್ನ ತಲೆಗೆ ಮೊದಲು ಬಂದದ್ದು ಲಕ್ಷ್ಮಣನಲ್ಲ, ನನ್ನ ಮಾನ. ಯಾರಿಗೂ ಗೊತ್ತಿಲ್ಲ, ಸುಮ್ಮನಿದ್ದರಾಯಿತು ಎಂದುಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸಾಹೇಬರ ಜೀಪು ಬಂತು. ಅವರು ಗೇಜು ನೋಡಿದರು, ಹೊಸ ಡ್ರಮ್ಮು ನೋಡಿದರು.

"ಹೊಸಾ ಡೀಸೆಲ್ ಹಾಕಿದ್ಮ್ಯಾಲ ಸರಿ ಆತೇನು? ಹಂಗಾರ ಹಳೇದ್ರಾಗ ಕಲಬೆರಕಿ ಇತ್ತು ಅಂತಾತು" ಎಂದು ಜೇಬಿನಿಂದ ನನ್ನ ವರದಿಯನ್ನೂ ಪೆನ್ನನ್ನೂ ತೆಗೆದರು. ನನ್ನ ಮೌನವೇ ಲಕ್ಷ್ಮಣನ ಮೇಲೆ ಸಾಕ್ಷಿ ಹೇಳುತ್ತಿದೆ ಎಂದು ಆಗ ಹೊಳೆಯಿತು. ಪೆನ್ನಿನ ಟೋಪಿ ಬಿಚ್ಚುತ್ತ ಅವರು ರೂಢಿಯಂತೆ ಕೇಳಿದರು: "ಎಲ್ಲಿಂದ ಸುರು ಮಾಡಿದ್ದಿ ಮಲ್ಲಪ್ಪ?"

ಆ ಪ್ರಶ್ನೆಗೆ ಟ್ಯಾಂಕಿನಿಂದ್ರೀ ಎಂದು ಸುಳ್ಳು ಹೇಳಿ ಹೇಳಿ ನನಗೆ ರೂಢಿಯಾಗಿತ್ತು. ಅಂದು ನಾಲಿಗೆ ಹೊರಳಲಿಲ್ಲ.

"ಟ್ಯಾಂಕಿನಿಂದ ಸುರು ಮಾಡಲಿಲ್ರಿ ಸಾಹೇಬ್ರ. ಮಾಡಿದ್ರ ಇದು ಆಗತಿರಲಿಲ್ಲ. ಡೀಸೆಲ್ ಚಲೋನ ಐತ್ರಿ. ತಪ್ಪು ನಂದು."

ಎಲ್ಲ ಹೇಳಿದೆ. ಸಾಹೇಬರು ಹುಬ್ಬು ಏರಿಸಿದರು. "ವಿಭೂತಿಗೆ ಎಂಜಿನ್ ನಿಂದ್ರತೈತಿ? ಅವನ್ನ ಉಳಸಾಕ ಹೇಳಾಕತ್ತೀಯೇನು?"

ಮಾತಿನಿಂದ ಆಗುವ ಕೆಲಸವಲ್ಲ ಅದು. ಟ್ಯಾಂಕು ಬರಿದು ಮಾಡಿ, ನಾನು ದೂರಿದ್ದ ಹಳೆಯ ಡ್ರಮ್ಮಿನ ಡೀಸೆಲನ್ನೇ ತುಂಬಿಸಿದೆ. ತೂತು ತೆರೆದಿತ್ತು. ಒಂದು ಗಂಟೆ ಓಡಿಸಿದೆ, ಮುಳ್ಳು ಅಲ್ಲೇ ನಿಂತಿತು. ಆಮೇಲೆ ನನ್ನ ಚೀಲದಿಂದ ವಿಭೂತಿ ಗಟ್ಟಿ ತಂದು, ತೇಯ್ದು, ಸಾಹೇಬರು, ಅಕ್ಕೋರು, ಗಾಡಿಯವರು ಎಲ್ಲರ ಎದುರಿಗೇ ಮುಚ್ಚಳದ ತೂತಿನ ಮೇಲೆ ದಪ್ಪಗೆ ಬಳಿದು ಬಿಸಿಲಿಗೆ ಒಣಗಿಸಿದೆ. ಟ್ಯಾಂಕು ಮತ್ತೆ ತುಂಬಿಸಿ ಮುಚ್ಚಳ ಬಿಗಿದೆ. ನನ್ನ ಜೀವನದಲ್ಲಿ ಎಂಜಿನ್ ಕೆಡಲಿ ಎಂದು ಬೇಡಿಕೊಂಡದ್ದು ಅದೊಂದೇ ಸಲ. ಸಾಹೇಬರ ಕೈಗಡಿಯಾರದಲ್ಲಿ ಅರ್ಧ ಗಂಟೆಗೆ ಎರಡು ನಿಮಿಷ ಬಾಕಿಯಿದ್ದಾಗ ಮುಳ್ಳು ಬೀಳತೊಡಗಿತು. ಅಕ್ಕೋರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಎಲ್ಲರ ಕಣ್ಣೂ ನನ್ನ ಹಣೆಯ ಮೇಲೆ.

ಸಾಹೇಬರು ನಗಲಿಲ್ಲ. ವರದಿಯನ್ನು ನಾಲ್ಕು ಚೂರು ಮಾಡಿ ನನ್ನ ಕೈಗೆ ಕೊಟ್ಟು, "ಕೀಲಿಕೈ ನೀನ ಹೋಗಿ ಕೊಟ್ಟು ಬಾ" ಎಂದರು. ಬೇವಿನ ಮರದ ತನಕ ಇಪ್ಪತ್ತು ಹೆಜ್ಜೆ. ಅಷ್ಟು ದೂರ ನಾನು ಎಂದೂ ನಡೆದಿಲ್ಲ.

"ತಪ್ಪಾತೋ ಲಕ್ಷ್ಮಣ. ಮನಸಿಗೆ ಹಚ್ಕೋಬ್ಯಾಡ."

ಅವನು ಬೀಗದ ಕೈ ತೆಗೆದುಕೊಂಡು ಎದ್ದು ಟಾವೆಲ್ ಕೊಡವಿದ. "ರಾಡ್ ಇಳಸೂನೇನ್ರಿ?" ಎಂದ, ಅಷ್ಟೆ. ಮರುದಿನ ಮಧ್ಯಾಹ್ನ ಆ ಶಾಲೆಯ ಬಾವಿಗೆ ನೀರು ಬಿತ್ತು. ಮಕ್ಕಳು ನೆನೆದು ಮುದ್ದೆಯಾದರು, ಅಕ್ಕೋರೂ ನೆನೆದರು.

ಅದಾದ ಮೇಲೆ ಲಕ್ಷ್ಮಣ ಕಾಯಂ ಆದ. ಟ್ಯಾಂಕಿನ ಪಕ್ಕದ ತಗಡಿನ ಮೇಲೆ ಅಂಗೈ ಅಗಲದ ಕೆಂಪು ಚೌಕ ಬಣ್ಣದಲ್ಲಿ ಬರೆದು, "ಇಲ್ಲಿ ಹಚ್ರಿ ಮಲ್ಲಣ್ಣಾರ, ದೇವರಿಗೂ ಗಾಳಿ ಆಡಲಿ" ಎಂದ. ಮುಚ್ಚಳಕ್ಕೆ ತಂತಿಯಿಂದ ಒಂದು ಮೊಳೆ ಕಟ್ಟಿದ. ಪ್ರತಿ ಮುಂಜಾನೆ ನಾನು ಚೌಕಕ್ಕೆ ವಿಭೂತಿ ಎಳೆಯುವಾಗ ಅವನು ಮೊಳೆಯಿಂದ ತೂತು ಬಿಡಿಸುತ್ತಿದ್ದ. ಹದಿನೈದು ವರ್ಷ ಹೀಗೆ ನಡೆಯಿತು. ಸಾಹೇಬರು ವರ್ಗವಾಗಿ ಹೋದರು, ಹೊಸ ಗೇಜುಗಳು ಬಂದವು. ನಾನು ಮಾತ್ರ ಎಂಜಿನ್ ಕೆಟ್ಟರೆ ಮೊದಲು ಟ್ಯಾಂಕಿನ ಮುಚ್ಚಳ ಬಿಚ್ಚುವವನಾದೆ.

ನಿವೃತ್ತನಾದ ಮೇಲೆ ಒಮ್ಮೆ ಇಂಡಿಗೆ ಹೋಗಿ ಲಕ್ಷ್ಮಣನನ್ನು ಕಂಡೆ. ಹಿತ್ತಲ ನಿಂಬೆಯ ಶರಬತ್ತು ಕೊಟ್ಟ. ಹಳೆಯ ಕತೆ ತೆಗೆದು ಇಬ್ಬರೂ ನಕ್ಕೆವು. "ಅವತ್ತ ನಾ ಹೇಳದಿದ್ರ ಯಾರಿಗೂ ಗೊತ್ತ ಆಗತಿರಲಿಲ್ಲ ನೋಡು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ನನಗ ಗೊತ್ತಿತ್ರಿ" ಎಂದ ಲಕ್ಷ್ಮಣ. "ನೀವು ಬೈದ್ರಲ್ಲಾ, ಅವತ್ತ ಸಂಜಿಕಿ ಮುಚ್ಚಳ ಹೊಳ್ಳಿಸಿ ನೋಡಿದ್ದೆ."

ಲೋಟ ಕೆಳಗಿಟ್ಟೆ. "ಮತ್ತ ಯಾಕ ಹೇಳಲಿಲ್ಲ?"

"ಒಮ್ಮಿ ಹೇಳಿದ್ದಕ್ಕ ಬೈಸ್ಕೊಂಡಿದ್ದೆ. ನಿಮ್ಮ ವಿಭೂತಿ ನಾ ಕೆರದಿದ್ರ ನೀವು ಏನ್ ಅಂತಿದ್ರಿ, ಊರವರು ಏನ್ ಅಂತಿದ್ರು, ನೀವ ಹೇಳ್ರಿ."

ಅವನು ನನ್ನ ಲೋಟಕ್ಕೆ ಇನ್ನಷ್ಟು ಶರಬತ್ತು ಸುರಿದ.

"ಮರದ ಕೆಳಗ ನಾ ಮಲಗಿರಲಿಲ್ರಿ. ಟಾವೆಲ್ ಸಂದ್ಯಾಗಿಂದ ನೋಡಾಕತ್ತಿದ್ದೆ. ನೀವು ಮೊಳಿಲೆ ತೂತು ಬಿಡಿಸಿದ್ದು ಕಂಡೆ. ಈಗ ಬರ್ತಾರ, ಈಗ ಬಂದು ಹೇಳ್ತಾರ ಅನಕೊಂಡೆ. ನೀವು ಬರಲಿಲ್ಲ. ಎಂಜಿನ್ ಓಡಿದ ಆ ಒಂದು ತಾಸು ಭಾಳ ಉದ್ದ ಇತ್ರಿ, ಮಲ್ಲಣ್ಣಾರ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೂ ಅದು ಉದ್ದವಾಗಿತ್ತು ಎನ್ನಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಆ ತಾಸನ್ನು ಅಷ್ಟು ಉದ್ದ ಮಾಡಿದವನು ನಾನೇ ಆಗಿದ್ದೆ.